ನಕಾಶೆಯ ಅಡಿಯಲ್ಲಿರುವ ಹೆಸರುಗಳು

ನಕಾಶೆ ಮಾಡುವ ಕಸುಬಿಗೆ ಒಂದು ವಿಚಿತ್ರ ಗುಣವಿದೆ. ಕೆಲಸ ಚೆನ್ನಾಗಿ ಆದಷ್ಟೂ ಅದನ್ನು ಮಾಡಿದವರು ಕಣ್ಮರೆಯಾಗುತ್ತಾರೆ. ಮೊಬೈಲು ಸರಿಯಾದ ದಾರಿ ತೋರಿಸಿದಾಗ ನಾವು ಯಾರನ್ನೂ ನೆನೆಯುವುದಿಲ್ಲ. ದಾರಿ ತಪ್ಪಿಸಿದಾಗ ಮಾತ್ರ ಬೈಯುವುದಕ್ಕಾದರೂ ಯಾರೋ ಒಬ್ಬರು ಬೇಕೆನಿಸುತ್ತಾರೆ. ಹೊಲದ ಬದುವಿನ ಮೇಲೆ ನಿಂತಾಗ ಪರದೆಯಲ್ಲಿ ಸರ್ವೆ ನಂಬರು ತನ್ನ ಜಾಗದಲ್ಲೇ ಕಂಡರೆ ಅದು ಯಂತ್ರ ತಾನಾಗಿ ಹೇಳಿದ ಮಾತೆಂದು ನಂಬುತ್ತೇವೆ. ಕಾದಂಬರಿಯ ಮೇಲೆ ಬರೆದವರ ಹೆಸರಿರುತ್ತದೆ, ಸೇತುವೆಯ ಕಲ್ಲಿನ ಮೇಲೆ ಉದ್ಘಾಟಿಸಿದ ಮಂತ್ರಿಯದಾದರೂ ಇರುತ್ತದೆ. ನಕಾಶೆಯ ಮೂಲೆಯಲ್ಲಿ ಇಲಾಖೆಯ ಹೆಸರು, ಹೆಚ್ಚೆಂದರೆ ಕಂಪನಿಯ ಮುದ್ರೆ, ಅಷ್ಟೆ. ಈ ಕಸುಬಿನವರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ತಮ್ಮಲ್ಲೇ ಕೆಲವರಿಗೆ ಪ್ರಶಸ್ತಿ ಕೊಟ್ಟುಕೊಳ್ಳುವ ಪದ್ಧತಿ ಜಗತ್ತಿನಲ್ಲಿ ಬೆಳೆದುಬಂದಿದೆ. ಅದು ಬರಿಯ ಶಾಲು, ಹಾರ, ಚಪ್ಪಾಳೆಯ ಸಂಭ್ರಮವೇ? ಹಾಗೂ ಆಗಬಹುದು. ಆದರೆ ಸರಿಯಾಗಿ ನಡೆದರೆ, ನಕಾಶೆ ತನ್ನ ಸ್ವಭಾವದಿಂದಲೇ ಮರೆಮಾಚುವ ಶ್ರಮವನ್ನು ದಾಖಲೆಗೆ ತರುವ ಕೆಲಸವನ್ನು ಅಂಥ ಪ್ರಶಸ್ತಿ ಮಾಡುತ್ತದೆ. ಅದರ ಬೆಲೆಯನ್ನು ಅಳೆಯಬೇಕಾದ್ದೂ ಈ ಒಂದು ಗಜದಿಂದಲೇ ಎಂಬುದು ಇಂದಿನ ನನ್ನ ವಾದ.

ಮೊದಲು ಕಸುಬಿನ ಪರಿಚಯ. ಭೌಗೋಳಿಕ ಮಾಹಿತಿ ವ್ಯವಸ್ಥೆ, ರೂಢಿಯಲ್ಲಿ ಜಿಐಎಸ್, ಎಂದರೆ ನೆಲದ ಮೇಲಿನ ಸಂಗತಿಗಳನ್ನು ಅವು ಇರುವ ಜಾಗದ ಗುರುತಿನೊಡನೆ ಕಂಪ್ಯೂಟರಿನಲ್ಲಿ ಕೂಡಿಟ್ಟು, ಪದರಗಳಾಗಿ ಒಂದರ ಮೇಲೊಂದು ಇಟ್ಟು, ಅವುಗಳಿಗೆ ಪ್ರಶ್ನೆ ಕೇಳುವ ವಿಧಾನ. ಈ ಕೆರೆಯ ಅಚ್ಚುಕಟ್ಟಿನಲ್ಲಿ ಕಪ್ಪು ಮಣ್ಣಿನ ಜಮೀನು ಎಷ್ಟು, ಅದರಲ್ಲಿ ರಸ್ತೆಗೆ ಹೋಗುವುದೆಷ್ಟು ಎಂದರೆ ಉತ್ತರ ಬರಬೇಕು. 1960ರ ದಶಕದಲ್ಲಿ ಕೆನಡಾ ಸರ್ಕಾರ ತನ್ನ ವಿಶಾಲ ನೆಲದ ಬಳಕೆಯ ಲೆಕ್ಕ ಹಾಕಲು ಹೊರಟಾಗ ರೋಜರ್ ಟಾಮ್ಲಿನ್‌ಸನ್ ಎಂಬ ಭೂಗೋಳಜ್ಞ ಇದನ್ನು ಕಂಪ್ಯೂಟರಿನಿಂದ ಮಾಡಿಸಬಹುದೆಂದು ತೋರಿಸಿದರು. 1969ರಲ್ಲಿ ಜ್ಯಾಕ್ ಮತ್ತು ಲಾರಾ ಡೇಂಜರ್‌ಮಂಡ್ ದಂಪತಿ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್‌ನಲ್ಲಿ ಎಸ್ರಿ ಸಂಸ್ಥೆಯನ್ನು ಕಟ್ಟಿದರು. ಅದು 1981ರಲ್ಲಿ ತನ್ನ ತಂತ್ರಾಂಶ ಬಳಸುವವರ ಮೊದಲ ಕೂಟ ಕರೆದಾಗ ಬಂದವರು ಒಂದು ಕೋಣೆಯಲ್ಲಿ ಹಿಡಿಸುವಷ್ಟು ಜನ. ಇಂದು ಸ್ಯಾನ್ ಡಿಯೇಗೊ ನಗರದಲ್ಲಿ ಬೇಸಿಗೆಯಲ್ಲಿ ನಡೆಯುವ ಆ ಸಮಾವೇಶಕ್ಕೆ ಲೋಕದ ಮೂಲೆಮೂಲೆಯಿಂದ ಸಾವಿರಾರು ಜನ ಬರುತ್ತಾರೆ. ಅಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ವಿಶೇಷ ಸಾಧನೆಯ ಪ್ರಶಸ್ತಿ ಸಿಗುತ್ತದೆ: ನಗರಪಾಲಿಕೆ, ಅರಣ್ಯ ಇಲಾಖೆ, ವಿದ್ಯುತ್ ಕಂಪನಿ, ಆಸ್ಪತ್ರೆ ಜಾಲ.

ಈ ಬಗೆಯ ಪ್ರಶಸ್ತಿಯನ್ನು ವ್ಯಾಪಾರದ ಜಾಹೀರಾತೆಂದು ತಳ್ಳಿಹಾಕುವುದು ಸುಲಭ. ಮಾರುವವನೇ ಕೊಂಡವನನ್ನು ಸನ್ಮಾನಿಸಿದರೆ ಅನುಮಾನ ಹುಟ್ಟದೆ ಇರುವುದಿಲ್ಲ. ಆದರೂ ಅದರಿಂದ ಒಂದು ನಿಜವಾದ ಉಪಯೋಗವಿದೆ. ಯಾವುದೋ ಸಣ್ಣ ನಗರದ ನೀರು ಸರಬರಾಜು ವಿಭಾಗದಲ್ಲಿ ಇಬ್ಬರೋ ಮೂವರೋ ಕೂತು ಕೊಳವೆಗಳ ನಕಾಶೆ ಮಾಡುತ್ತಿರುತ್ತಾರೆ. ಮೇಲಧಿಕಾರಿಗೆ ಅದು ಖರ್ಚಿನ ಬಾಬತ್ತು. ಹೊರಗಿನಿಂದ ಒಂದು ಪ್ರಶಸ್ತಿ ಬಂದರೆ ಮುಂದಿನ ಬಜೆಟ್ಟಿನಲ್ಲಿ ಆ ವಿಭಾಗ ಉಳಿಯುತ್ತದೆ. ಇಲ್ಲಿನ ಕೊರತೆ ವ್ಯಾಪಾರಕ್ಕಿಂತ ಬೇರೆಯದು. ವೇದಿಕೆಯ ಮೇಲೆ ಸಂಸ್ಥೆಯ ಹೆಸರು ಹೇಳುತ್ತಾರೆ, ಫಲಕ ಸಂಸ್ಥೆಯ ಗೋಡೆಗೆ ಹೋಗುತ್ತದೆ. ಅಳೆದವರು, ಗೆರೆ ತಿದ್ದಿದವರು, ಲೆಕ್ಕದ ತಂತ್ರಾಂಶ ಬರೆದವರು ಮತ್ತೆ ನಕಾಶೆಯ ಹಿಂದೆಯೇ ಉಳಿಯುತ್ತಾರೆ.

ಹೆಸರು ಉಳಿಯುವುದು, ಅಳಿಯುವುದು ಸಣ್ಣ ವಿಷಯವಲ್ಲ ಎಂಬುದಕ್ಕೆ ನಮ್ಮ ದೇಶದ ಸರ್ವೆಯ ಚರಿತ್ರೆಯಲ್ಲೇ ಎರಡು ಸಾಕ್ಷಿಗಳಿವೆ. ಮಹಾ ತ್ರಿಕೋನಮಿತಿ ಸರ್ವೆಯ ಲೆಕ್ಕ ವಿಭಾಗದಲ್ಲಿ ಮುಖ್ಯ ಗಣಕರಾಗಿದ್ದವರು ಬಂಗಾಳದ ರಾಧಾನಾಥ ಸಿಕ್ದಾರ್. ನೇಪಾಳದೊಳಗೆ ಪ್ರವೇಶವಿಲ್ಲದ ಕಾಲ. ದೂರದ ಬಯಲಿನಿಂದ ನೋಡಿ ಬರೆದುಕೊಂಡ ಕೋನಗಳಿಂದ ಹದಿನೈದನೆಯ ಶಿಖರದ ಎತ್ತರ ತೆಗೆಯಬೇಕಿತ್ತು. ಅದೇ ಜಗತ್ತಿನ ಅತಿ ಎತ್ತರದ ಶಿಖರವೆಂದು 1852ರ ಸುಮಾರಿಗೆ ತಿಳಿದುಬಂದ ಲೆಕ್ಕದ ಕೀರ್ತಿ ಸಿಕ್ದಾರರಿಗೆ ಸಲ್ಲಬೇಕೆಂದು ಇಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಶಿಖರಕ್ಕೆ 1865ರಲ್ಲಿ ಬಂದ ಹೆಸರು ಮಾತ್ರ ಜಾರ್ಜ್ ಎವರೆಸ್ಟ್ ಅವರದು. ಸರ್ವೆಯ ಮುಖ್ಯಸ್ಥರಾಗಿದ್ದ ಅವರು 1843ರಲ್ಲೇ ನಿವೃತ್ತರಾಗಿ ಹೋಗಿದ್ದರು. ಇನ್ನೊಂದು ಸಾಕ್ಷಿ ಇದಕ್ಕೆ ತಿರುಗುಮುರುಗು. ಕುಮಾವೂನಿನ ನೈನ್ ಸಿಂಗ್ ರಾವತ್ ಯಾತ್ರಿಕನ ವೇಷದಲ್ಲಿ ಟಿಬೆಟ್ಟಿಗೆ ಹೋಗಿ, ನೂರೆಂಟರ ಬದಲು ನೂರು ಮಣಿಗಳ ಜಪಸರ ಹಿಡಿದು ಹೆಜ್ಜೆ ಎಣಿಸುತ್ತ ದಾರಿ ಅಳೆದವರು. ಗುಟ್ಟಿನ ಕೆಲಸವಾದ್ದರಿಂದ ವರದಿಗಳಲ್ಲಿ ಅವರು ಬರಿಯ 'ಪಂಡಿತ'. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ತನ್ನ ಚಿನ್ನದ ಪದಕವನ್ನು ಅವರಿಗೆ ಕೊಟ್ಟಿತು. ಸಾಮ್ರಾಜ್ಯದ ಲಾಭಕ್ಕಾಗಿ ನಡೆದ ಅಳತೆ ಅದು, ನಿಜ. ಪದಕ ಕೊಟ್ಟವರು ಧರ್ಮಾತ್ಮರೆಂದು ನಾನು ಹೇಳುತ್ತಿಲ್ಲ. ಆದರೂ ಆ ಪದಕದಿಂದ ಆದ ಲಾಭ ನೋಡಿ. ನಡೆದು ಅಳೆದವನ ಹೆಸರು ಅಂದಿನ ವಿದ್ವತ್ ಲೋಕದ ದಾಖಲೆಗೆ ಏರಿತು, ಮತ್ತೆ ಅಳಿಸಲಾಗಲಿಲ್ಲ. ಸಿಕ್ದಾರರಿಗೆ ಅಂಥದೊಂದು ಸಿಕ್ಕಿದ್ದರೆ ಇಂದು ಅವರ ಪರವಾಗಿ ವಾದ ಹೂಡುವ ಅಗತ್ಯವೇ ಇರುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ, ಇಂದಿನ ಜಿಐಎಸ್ ಲೋಕದ ಪ್ರಶಸ್ತಿಗಳಲ್ಲಿ ನನಗೆ ಎಲ್ಲಕ್ಕಿಂತ ಅರ್ಥವುಳ್ಳದ್ದಾಗಿ ಕಾಣುವುದು ಸೋಲ್ ಕ್ಯಾಟ್ಜ್ ಹೆಸರಿನ ಪ್ರಶಸ್ತಿ. ಅದನ್ನು ಕೊಡುವುದು ಮುಕ್ತ ತಂತ್ರಾಂಶದ ಭೂಮಾಹಿತಿ ಕಸುಬಿನವರ ಜಾಗತಿಕ ಸಮಾವೇಶದಲ್ಲಿ. ಕಸುಬಿನವರು ಆ ಸಮಾವೇಶವನ್ನು ಫಾಸ್‌ಫೋರ್‌ಜಿ ಎನ್ನುತ್ತಾರೆ. ಸೋಲ್ ಕ್ಯಾಟ್ಜ್ ದೊಡ್ಡ ಕಂಪನಿ ಕಟ್ಟಿದವರಲ್ಲ. ಅಮೆರಿಕದ ಸರ್ಕಾರಿ ಭೂಮಿಯನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ನೌಕರರಾಗಿದ್ದ ಭೂವಿಜ್ಞಾನಿ. ಭೂಮಾಹಿತಿಯ ಒಂದೊಂದು ಕಡತವೂ ಒಂದೊಂದು ರೂಪದಲ್ಲಿದ್ದು ಒಂದು ಇಲಾಖೆಯದು ಇನ್ನೊಂದಕ್ಕೆ ಓದಲು ಬಾರದಿದ್ದ ಕಾಲದಲ್ಲಿ, ಅವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸಣ್ಣಸಣ್ಣ ಸಲಕರಣೆಗಳನ್ನು ಬರೆದು, ಮೂಲ ಸಂಕೇತದ ಸಮೇತ ಯಾರು ಬೇಕಾದರೂ ಒಯ್ಯಲಿ ಎಂದು ಬಿಟ್ಟುಕೊಟ್ಟರು. ಗುರುತಿಲ್ಲದವರ ಪ್ರಶ್ನೆಗಳಿಗೂ ಕೂತು ಉತ್ತರ ಬರೆದರು. 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರಿನ ಮೊದಲ ಪ್ರಶಸ್ತಿ 2005ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಫ್ರ್ಯಾಂಕ್ ವಾರ್ಮರ್‌ಡ್ಯಾಮ್ ಅವರಿಗೆ ಸಂದಿತು. ಪ್ರತಿ ವರ್ಷ ಒಬ್ಬ ವ್ಯಕ್ತಿಗೆ, ಬಹು ಕಾಲ ಸಮುದಾಯಕ್ಕಾಗಿ ದುಡಿದವರಿಗೆ.

ವಾರ್ಮರ್‌ಡ್ಯಾಮ್ ಮಾಡಿದ್ದೇನು? 1998ರಲ್ಲಿ ಅವರು ಜಿಡಾಲ್ ಎಂಬ ತಂತ್ರಾಂಶ ಭಂಡಾರವನ್ನು ಬರೆಯಲು ಶುರುಮಾಡಿದರು. ಉಪಗ್ರಹ ಚಿತ್ರವಿರಲಿ, ಎತ್ತರದ ಮಾಹಿತಿಯಿರಲಿ, ಯಾವ ರೂಪದ ಕಡತ ಬಂದರೂ ಓದಿ ಕೊಡುವ ಕೆಲಸ ಅದರದು. ಅದಕ್ಕೆ ಕಣ್ಣಿಗೆ ಕಾಣುವ ಮುಖವಿಲ್ಲ. ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಕೂತು ದುಡಿಯುತ್ತದೆ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಒಳಗೂ ಇದೆ, ಎಸ್ರಿಯವರ ದುಬಾರಿ ತಂತ್ರಾಂಶದ ಒಳಗೂ ಇದೆ, ಗೂಗಲ್ ಅರ್ಥ್ ಒಳಗೂ ಇದೆ. ಇಂಥದೇ ಇನ್ನೊಂದು ಪ್ರೋಜ್. ಭೂಮಿ ದುಂಡಗೆ, ಕಾಗದ ಚಪ್ಪಟೆ. ಒಂದನ್ನು ಇನ್ನೊಂದಕ್ಕೆ ಇಳಿಸುವ ಗಣಿತವೆಲ್ಲ ಅದರಲ್ಲಿದೆ. ಅದರ ಅಗತ್ಯ ನಮಗೆ ಚೆನ್ನಾಗಿ ತಿಳಿಯಬೇಕು, ಏಕೆಂದರೆ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ಹಾಳೆಗಳು 1830ರಲ್ಲಿ ಎವರೆಸ್ಟ್ ಲೆಕ್ಕ ಹಾಕಿದ ಭೂಮಿಯ ಆಕಾರವನ್ನು ನಂಬಿವೆ. ಜಿಪಿಎಸ್ ನಂಬಿರುವುದು ಬೇರೆ ಆಕಾರವನ್ನು. (ಎವರೆಸ್ಟ್ ಹೆಸರು ನ್ಯಾಯವಾಗಿ ಅಂಟಬೇಕಾದ್ದು ಈ ಲೆಕ್ಕಕ್ಕೆ, ಶಿಖರಕ್ಕಲ್ಲ.) ಎರಡರ ನಡುವಿನ ವ್ಯತ್ಯಾಸ ಸರಿಪಡಿಸದೆ ಒಂದರ ಮೇಲೊಂದು ಇಟ್ಟರೆ ಹೊಲವೇ ಬದಲಾಗುವಷ್ಟು ಆಚೀಚೆ ಆಗುತ್ತದೆ. ಅದನ್ನು ಸದ್ದಿಲ್ಲದೆ ಸರಿಪಡಿಸಿಕೊಡುವುದು ಪ್ರೋಜ್‌ನಂಥ ತಂತ್ರಾಂಶ. ಇದನ್ನು ಬರೆಯುವುದು ಒಂದು ಸಾಹಸ, ಆದರೆ ದಶಕಗಟ್ಟಲೆ ಕೆಡದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡದು, ಬೇಸರದ್ದೂ ಹೌದು. ಹೊಸ ಕೆರೆ ಕಟ್ಟಿಸಿದವನ ಹೆಸರಿನ ಶಾಸನ ಎಲ್ಲ ಊರಲ್ಲೂ ಸಿಗುತ್ತದೆ. ವರ್ಷವರ್ಷ ಹೂಳು ತೆಗೆದವರ ಶಾಸನ ಅಪರೂಪ.

ಹೂಳು ತೆಗೆದವರನ್ನೂ ಈ ಪ್ರಶಸ್ತಿ ಗುರುತಿಸಿದೆ. ಗ್ರಾಸ್ ಎಂಬ ತಂತ್ರಾಂಶವನ್ನು ಅಮೆರಿಕದ ಸೈನ್ಯದ ಒಂದು ಸಂಶೋಧನಾಲಯ 1982ರಿಂದ ಬೆಳೆಸಿತ್ತು. 1990ರ ದಶಕದ ನಡುವಿನಲ್ಲಿ ಸೈನ್ಯ ಕೈಬಿಟ್ಟಿತು. ಅನಾಥವಾದ ತಂತ್ರಾಂಶ ಸಾಮಾನ್ಯವಾಗಿ ಸಾಯುತ್ತದೆ. ಗ್ರಾಸ್ ಸಾಯಲಿಲ್ಲ, ಏಕೆಂದರೆ ಜರ್ಮನಿಯ ಹ್ಯಾನೋವರ್‌ನಲ್ಲಿದ್ದ ಮಾರ್ಕುಸ್ ನೆಟೆಲರ್ ಮತ್ತು ಹಲವು ದೇಶಗಳ ಅವರ ಜೊತೆಗಾರರು ಅದನ್ನು ಎತ್ತಿಕೊಂಡರು. 1999ರಲ್ಲಿ ಅದು ಸಂಪೂರ್ಣ ಮುಕ್ತ ಪರವಾನಗಿಗೆ ಬಂತು. ನೆಟೆಲರ್ 2006ರಲ್ಲಿ ಪ್ರಶಸ್ತಿ ಪಡೆದರು. ಅದೇ ತಂತ್ರಾಂಶದಲ್ಲಿ ನೆಲದ ಏರುತಗ್ಗಿನ ವಿಶ್ಲೇಷಣೆಗೆ ದುಡಿದ ಹೆಲೆನಾ ಮಿತಾಸೊವಾ ಅವರಿಗೆ 2010ರಲ್ಲಿ ಸಂದಿತು. 2012ರದು ಜಪಾನಿನ ಒಸಾಕಾದಲ್ಲಿ ಪಾಠ ಹೇಳುತ್ತ ಏಷ್ಯಾದ ದೇಶಗಳಲ್ಲಿ ಈ ವಿದ್ಯೆಯನ್ನು ಹರಡಿದ ಭಾರತೀಯ ಮೂಲದ ವೆಂಕಟೇಶ್ ರಾಘವನ್ ಅವರಿಗೆ. 2018ರಲ್ಲಿ ಪಡೆದ ಆಸ್ಟ್ರಿಡ್ ಎಮ್ಡೆ ಅವರು ಕಲಿಸುವುದಕ್ಕೆ, ಜನರನ್ನು ಕೂಡಿಸುವುದಕ್ಕೆ ಹೆಸರಾದವರು. ಸಂಕೇತ ಬರೆದವರಷ್ಟೇ ಅಲ್ಲ, ಕಲಿಸಿದವರೂ ಲೆಕ್ಕಕ್ಕೆ ಬಂದರು.

ಇನ್ನೊಂದು ಸಂಗತಿ ನಮ್ಮ ಕಡೆಯವರು ಮನಸ್ಸಿಗೆ ತಂದುಕೊಳ್ಳಬೇಕಾದ್ದು. ಕ್ಯಾಟ್ಜ್ ಸರ್ಕಾರಿ ನೌಕರ. 2007ರ ಪ್ರಶಸ್ತಿ ಪಡೆದ ಸ್ಟೀವ್ ಲೈಮ್, ಅಂತರಜಾಲದಲ್ಲಿ ನಕಾಶೆ ತೋರಿಸುವ ಮ್ಯಾಪ್‌ಸರ್ವರ್ ತಂತ್ರಾಂಶದ ಕರ್ತೃ, ಮಿನಿಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ನೌಕರ. ಪ್ರೋಜ್ ಬರೆದ ಜೆರಾಲ್ಡ್ ಇವೆಂಡನ್ ಅಮೆರಿಕದ ಭೂವೈಜ್ಞಾನಿಕ ಸರ್ವೆಯವರು. ಈ ಮುಕ್ತ ಸಂಪತ್ತಿನ ದೊಡ್ಡ ಪಾಲು ಸರ್ಕಾರಿ ಮೇಜುಗಳ ಮೇಲೆ ಹುಟ್ಟಿತು. ಇಲಾಖೆಯ ಸಂಬಳದಲ್ಲಿ, ಇಲಾಖೆಯ ತಲೆನೋವು ಪರಿಹರಿಸಲು ಬರೆದದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕದೆ ಲೋಕಕ್ಕೆ ಬಿಟ್ಟುಕೊಟ್ಟರು.

ಈಗ ಆಕ್ಷೇಪಗಳು. ಮೊದಲನೆಯದು ಬಲವಾದದ್ದು. ಮುಕ್ತ ತಂತ್ರಾಂಶವೆಂದರೆ ನೂರಾರು ಕೈಗಳ ಕೆಲಸ. ಅದರಲ್ಲಿ ಒಬ್ಬರನ್ನು ಆರಿಸಿ ಪಟ್ಟ ಕಟ್ಟಿದರೆ ಉಳಿದವರಿಗೆ ಅನ್ಯಾಯವಲ್ಲವೆ? ಎವರೆಸ್ಟ್ ಹೆಸರಿಟ್ಟದ್ದನ್ನು ಟೀಕಿಸಿದವರೇ ಇಲ್ಲಿ ಇನ್ನೊಂದು ಶಿಖರ ಕಟ್ಟುತ್ತಿಲ್ಲವೆ? ನನ್ನ ಉತ್ತರ ಇದು. ಅನ್ಯಾಯ ಆಗುತ್ತದೆ, ಆದರೆ ಎಷ್ಟು ಎಂಬುದು ಆರಿಸುವ ಅಳತೆಯ ಮೇಲೆ ನಿಂತಿದೆ. ಪದವಿ ನೋಡಿ ಕೊಟ್ಟರೆ ಮೇಲಿನವನು ಇನ್ನೂ ಮೇಲೆ ಹೋಗುತ್ತಾನೆ. ವರ್ಷಗಟ್ಟಲೆ ಹಿಂಬದಿಯಲ್ಲಿ ದುಡಿದದ್ದನ್ನು ನೋಡಿ ಕೊಟ್ಟರೆ, ಅದುವರೆಗೆ ಯಾರಿಗೂ ಕಾಣದಿದ್ದ ಒಂದು ಬಗೆಯ ಕೆಲಸವೇ ಕಾಣತೊಡಗುತ್ತದೆ. ಜಿಡಾಲ್ ಎಂಬ ಹೆಸರನ್ನು ವಾರ್ಮರ್‌ಡ್ಯಾಮ್ ಮೂಲಕ ಕೇಳಿದವನು ಮುಂದೆ ಅದರ ಉಳಿದ ಕೆಲಸಗಾರರ ಹೆಸರನ್ನೂ ಹುಡುಕುತ್ತಾನೆ. ಯಾರ ಹೆಸರನ್ನೂ ಹೇಳದಿರುವುದು ಸಮಾನತೆಯಂತೆ ಕಂಡರೂ, ಹಾಗೆ ಖಾಲಿಬಿಟ್ಟ ಜಾಗದಲ್ಲಿ ಕೊನೆಗೆ ಬಂದು ಕೂರುವುದು ಕಂಪನಿಯ ಮುದ್ರೆಯೋ ಮೇಲಧಿಕಾರಿಯ ಹೆಸರೋ.

ಎರಡನೆಯ ಆಕ್ಷೇಪ ಹಣದ್ದು. ಫಲಕ ಕೊಟ್ಟರೆ ಹೊಟ್ಟೆ ತುಂಬುತ್ತದೆಯೆ? ದೊಡ್ಡ ಕಂಪನಿಗಳು ಈ ತಂತ್ರಾಂಶದ ಮೇಲೆ ವ್ಯಾಪಾರ ಮಾಡುತ್ತವೆ, ಅದನ್ನು ನೋಡಿಕೊಳ್ಳುವವರು ರಾತ್ರಿ ನಿದ್ದೆಗೆಟ್ಟು ದುಡಿಯುತ್ತಾರೆ. ಗೌರವದ ಮಾತು ಶೋಷಣೆಗೆ ಬಣ್ಣ ಬಳಿದಂತೆ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸುಳ್ಳಿಲ್ಲ. ಪ್ರಶಸ್ತಿ ಸಂಬಳದ ಬದಲಿಗೆ ಬಂದರೆ ಅದು ಮೋಸವೇ ಸರಿ. ಆದರೆ ಈ ಸಮುದಾಯದಲ್ಲಿ ನಡೆದದ್ದು ಬೇರೆ. 2018ರ ಹೊತ್ತಿಗೆ ಜಿಡಾಲ್ ಮತ್ತು ಪ್ರೋಜ್‌ಗಳಲ್ಲಿ ನಿರ್ದೇಶಾಂಕಗಳ ಭಾಗ ಹಳತಾಗಿ ಪೂರ್ತಿ ಬಿಚ್ಚಿ ಕಟ್ಟಬೇಕಾಗಿ ಬಂದಾಗ, ಹಲವು ಕಂಪನಿಗಳು, ಸಂಸ್ಥೆಗಳು ವಂತಿಗೆ ಕೂಡಿಸಿ ಆ ಕೆಲಸಕ್ಕೆ ಹಣ ಕೊಟ್ಟವು. 2021ರಿಂದ ಜಿಡಾಲ್‌ನ ನಿರ್ವಹಣೆಗೇ ವರ್ಷವರ್ಷ ಪ್ರಾಯೋಜಕರ ಹಣ ಬರುವ ಏರ್ಪಾಡಾಯಿತು. ಯಾವುದರ ಮೇಲೆ ತಾವು ನಿಂತಿದ್ದೇವೆ ಎಂದು ಕಂಪನಿಗಳಿಗೆ ಗೊತ್ತಾದ ಮೇಲೇ ಇದು ಸಾಧ್ಯವಾದದ್ದು. ಅದು ಗೊತ್ತಾಗುವುದಕ್ಕೆ ಪ್ರಶಸ್ತಿಯೊಂದೇ ಕಾರಣವೆಂದು ನಾನು ಸಾಧಿಸಲಾರೆ. ಬಳಸುವವರು, ಬರೆಯುವವರು ವರ್ಷಕ್ಕೊಮ್ಮೆ ಮುಖಾಮುಖಿ ಕೂರುವ ಸಮಾವೇಶಗಳಿಗೆ ಅದರಲ್ಲಿ ಪಾಲಿದೆ ಎನ್ನಬಲ್ಲೆ.

ಮೂರನೆಯ ಆಕ್ಷೇಪ, ಪಟ್ಟಿ ಏಕಮುಖವಾಗಿದೆ ಎಂಬುದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. 2005ರಿಂದ 2014ರವರೆಗೆ ಪ್ರಶಸ್ತಿ ಪಡೆದ ಹತ್ತು ಮಂದಿಯಲ್ಲಿ ಹೆಂಗಸು ಒಬ್ಬರೇ, ಮಿತಾಸೊವಾ. ಏಷ್ಯಾದಲ್ಲಿ ನೆಲೆಸಿ ದುಡಿದವರು ರಾಘವನ್ ಒಬ್ಬರೇ. ಉಳಿದವರೆಲ್ಲ ಉತ್ತರ ಅಮೆರಿಕ, ಯೂರೋಪುಗಳ ಗಂಡಸರು. 2016ರಲ್ಲಿ ತೀರಿಕೊಂಡ ಇವೆಂಡನ್ ಅವರ ಹೆಸರು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಮರೆವಿಗೆ ಮದ್ದೆಂದು ಹುಟ್ಟಿದ ಪ್ರಶಸ್ತಿಗೂ ಮರೆವಿದೆ. ಆದರೆ ಈ ತಪ್ಪನ್ನು ಹತ್ತು ಬೆರಳಲ್ಲಿ ಎಣಿಸಿ ತೋರಿಸಲು ನಮಗೆ ಸಾಧ್ಯವಾದದ್ದಾದರೂ ಹೇಗೆ? ಹೆಸರುಗಳ ಪಟ್ಟಿಯೊಂದು ಬಹಿರಂಗವಾಗಿ ಇರುವುದರಿಂದ. 2015ರಲ್ಲಿ ಮಿಲಾನಿನ ಮರಿಯಾ ಬ್ರೋವೆಲ್ಲಿ, 2018ರಲ್ಲಿ ಎಮ್ಡೆ, 2020ರಲ್ಲಿ ಆಸ್ಟ್ರಿಯಾದ ಅನಿತಾ ಗ್ರಾಸರ್ ಪ್ರಶಸ್ತಿ ಪಡೆದರು. ಪಟ್ಟಿ ಮೆಲ್ಲಗೆ ತಿದ್ದಿಕೊಳ್ಳುತ್ತಿದೆ. ಸಾಕಷ್ಟು ಬೇಗ ಎಂದು ಹೇಳುವಂತಿಲ್ಲ.

ಸಮಾವೇಶದ ಬಗ್ಗೆಯೂ ಒಂದು ಮಾತು. ದೂರ ದೂರದಿಂದ ವಿಮಾನ ಹತ್ತಿ ಬಂದು ಮಾತಾಡಿಹೋಗುವುದು ಈ ಕಾಲದಲ್ಲಿ ಬೇಕೆ ಎಂಬ ಪ್ರಶ್ನೆ ಸರಿಯಾದದ್ದೇ. 2020ರಲ್ಲಿ ಕೊರೋನಾದಿಂದ ಕ್ಯಾಲ್ಗರಿಯ ಫಾಸ್‌ಫೋರ್‌ಜಿ ಕೂಟ ನಿಂತಿತು, ಮರುವರ್ಷದ ಬ್ಯೂನಸ್ ಐರಿಸ್ ಕೂಟ ಪರದೆಯ ಮೇಲೇ ನಡೆಯಿತು, ಲೋಕವೇನೂ ಮುಳುಗಲಿಲ್ಲ. ಆದರೆ ಫಾಸ್‌ಫೋರ್‌ಜಿ ಸ್ಯಾನ್ ಡಿಯೇಗೊ ಕೂಟದಂತೆ ಒಂದೇ ಊರಿಗೆ ಕಟ್ಟಿಹಾಕಿಕೊಂಡದ್ದಲ್ಲ. 2008ರಲ್ಲಿ ಕೇಪ್‌ಟೌನ್, 2015ರಲ್ಲಿ ಕೊರಿಯಾದ ಸಿಯೋಲ್, 2018ರಲ್ಲಿ ಟಾಂಜಾನಿಯದ ದಾರ್ ಎಸ್ ಸಲಾಮ್, 2023ರಲ್ಲಿ ಕೊಸೊವೊದ ಪ್ರಿಜ್ರೆನ್, 2024ರಲ್ಲಿ ಬ್ರೆಜಿಲಿನ ಬೆಲೆಮ್ ಹೀಗೆ ಊರೂರು ತಿರುಗುತ್ತದೆ. ಕೈಯಲ್ಲಿ ಹಣವಿಲ್ಲದವರಿಗೆ ಪ್ರಯಾಣದ ನೆರವೂ ಇದೆ. ದಾರ್ ಎಸ್ ಸಲಾಮ್ ಮಳೆಗಾಲದಲ್ಲಿ ಪ್ರವಾಹಕ್ಕೆ ಸಿಕ್ಕುವ ನಗರ. ಅಲ್ಲಿನ ವಿದ್ಯಾರ್ಥಿಗಳೂ ಬಡಾವಣೆಯ ಜನರೂ 2015ರಿಂದ ರಮಾನಿ ಹುರಿಯಾ ಎಂಬ ಯೋಜನೆಯಲ್ಲಿ ಓಣಿ ಓಣಿ ನಡೆದು ಚರಂಡಿ, ಮನೆ, ನೀರು ನಿಲ್ಲುವ ಜಾಗಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಿದ್ದರು. ಜಗತ್ತಿನ ತಂತ್ರಾಂಶ ಬರೆಯುವವರು ಆ ಊರಿಗೇ ಹೋದಾಗ, ತಮ್ಮ ಸಲಕರಣೆ ಯಾರ ಕೈಯಲ್ಲಿ ಏನಾಗುತ್ತಿದೆ ಎಂದು ನೋಡುವ ಅವಕಾಶ ಅವರಿಗಾಯಿತು. ಊರೂರು ತಿರುಗುವುದರಲ್ಲಿ ಅಪಾಯವೂ ಇದೆ. 2012ರಲ್ಲಿ ಬೀಜಿಂಗಿನಲ್ಲಿ ನಡೆಯಬೇಕಿದ್ದ ಸಮಾವೇಶ ರದ್ದಾಯಿತು. ಆ ಅಪಾಯ ತೆಗೆದುಕೊಳ್ಳಲು ಯೋಗ್ಯವೆಂದೇ ನನ್ನ ಅಭಿಪ್ರಾಯ.

ನಮ್ಮ ನೆಲಕ್ಕೆ ಬರೋಣ. ಮಹಾ ತ್ರಿಕೋನಮಿತಿ ಸರ್ವೆಗೆ ನಾಂದಿ ಹಾಡಿದ ಲ್ಯಾಂಬ್ಟನ್ 1800ರಲ್ಲಿ ತನ್ನ ಮೊದಲ ಆಧಾರರೇಖೆಯನ್ನು ಅಳೆದದ್ದು ಬೆಂಗಳೂರಿನ ಬಳಿ. ಈ ಕಸುಬಿಗೆ ನಾವು ಹೊಸಬರಲ್ಲ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕಾಶೆಯ ಮೇಲಿದ್ದ ಹಳೆಯ ಅನುಮತಿಗಳ ಕಟ್ಟು ಸಡಿಲಿಸಿತು, 2022ರಲ್ಲಿ ರಾಷ್ಟ್ರೀಯ ಭೂಮಾಹಿತಿ ನೀತಿ ಬಂತು, ಅದೇ ವರ್ಷದ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಭೂಮಾಹಿತಿ ಮಹಾಸಭೆ ಹೈದರಾಬಾದಿನಲ್ಲಿ ನಡೆಯಿತು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್‌ನಲ್ಲಿ ಇಂದು ರೈತ ತಾನು ನಿಂತ ಜಾಗದ ಸರ್ವೆ ನಂಬರು ನೋಡಬಹುದು. ಅದರ ಹಿಂದೆ ಹಳೆಯ ಗ್ರಾಮ ನಕಾಶೆಗಳನ್ನು ಗೆರೆ ಗೆರೆಯಾಗಿ ಕಂಪ್ಯೂಟರಿಗೆ ಇಳಿಸಿದವರಿದ್ದಾರೆ. ಅವರ ಹಿಂದೆ ಸರಪಳಿ ಎಳೆದು ಟಿಪ್ಪಣಿ ಬರೆದ ತಲೆತಲಾಂತರದ ಭೂಮಾಪಕರಿದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ಹಳ್ಳಿಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಒಂದೊಂದಾಗಿ ಸೇರಿಸುತ್ತಿರುವ ಸ್ವಯಂಸೇವಕರಿದ್ದಾರೆ. ಆಡಳಿತದಲ್ಲಿ ತಂತ್ರಜ್ಞಾನಕ್ಕೆಂದು ನಮ್ಮಲ್ಲಿ ಕೊಡುವ ಪ್ರಶಸ್ತಿಗಳು ಸಾಮಾನ್ಯವಾಗಿ ಯೋಜನೆಗೆ, ಇಲಾಖೆಗೆ, ಅದರ ಮುಖ್ಯಸ್ಥರಿಗೆ ಹೋಗುತ್ತವೆ. ಹೋಗಲಿ, ಬೇಡವೆನ್ನುವುದಿಲ್ಲ.

ಅಂಥ ಪ್ರಶಸ್ತಿಗಳನ್ನು ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಎರಡೇ. ಅರ್ಜಿಯ ನಮೂನೆಯಲ್ಲಿ ಒಂದು ಕಲಮು ಸೇರಿಸಿ: ಈ ಯೋಜನೆಯ ಅಡಿಯಲ್ಲಿರುವ ಅಳತೆ ಯಾರದು, ಯಾವ ತಂತ್ರಾಂಶದ ಮೇಲೆ ಇದು ನಿಂತಿದೆ, ಅದನ್ನು ಕೆಡದಂತೆ ನೋಡಿಕೊಳ್ಳುತ್ತಿರುವವರು ಯಾರು, ಹೆಸರು ಸಮೇತ ಬರೆಯಬೇಕು. ಇನ್ನು, ವರ್ಷಕ್ಕೆ ಒಂದು ಪ್ರಶಸ್ತಿಯನ್ನಾದರೂ ಹೊಸದನ್ನು ಉದ್ಘಾಟಿಸಿದವರಿಗೆ ಬಿಟ್ಟು, ಹತ್ತು ವರ್ಷ ಒಂದೇ ಕೆಲಸವನ್ನು ಸರಿಯಾಗಿ ನಡೆಸಿಕೊಂಡು ಬಂದ ಒಬ್ಬ ಭೂಮಾಪಕರಿಗೋ, ನಕಾಶೆಗಾರರಿಗೋ, ತಂತ್ರಾಂಶ ನೋಡಿಕೊಳ್ಳುವವರಿಗೋ ಮೀಸಲಿಡಿ. ತಾಲ್ಲೂಕು ಸರ್ವೆ ಕಚೇರಿಯಿಂದಲೇ ಹುಡುಕಲು ಶುರುಮಾಡಬಹುದು.